ಪರದೇಶಗಮನವೂ ಮೈಸೂರು ಪ್ರಜೆಯ ಕಾನೂನು ಸ್ಥಿತಿಯೂ: ಹೊಳವನಹಳ್ಳಿ ಸೀಮೆಯನ್ನು ಕುರಿತ ಒಂದು ವಿವೇಚನೆ

೧. ಪೀಠಿಕೆ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿಗೆ ಸೇರಿದ ಹೊಳವನಹಳ್ಳಿಯು ಇಂದು ಒಂದು ಹೋಬಳಿಯ ಕೇಂದ್ರಸ್ಥಾನ. ಹಿಂದೆ ಅದು ಭೈರೇಗೌಡರೆಂಬ ಪಾಳೆಯಗಾರ ಮನೆತನದ ಠಾಣ್ಯವಾಗಿದ್ದಿತು. ಈ ಮನೆತನವು ಆವತಿನಾಡಿನ ಪ್ರಭುಗಳ ಬಳಗಕ್ಕೆ ಸೇರಿದ್ದು. ಆವತಿಯ ಮೂಲಪುರುಷರು ಕಂಚಿಯ ಕಡೆಯಿಂದ, ತಮ್ಮ ಮನೆಯ ಹೆಣ್ಣನ್ನು ಬಲಾತ್ಕಾರವಾಗಿ ಬೇಡಿದ ಅಧಿಪತಿಯೊಬ್ಬನಿಗೆ ಹೆದರಿ, ಹೆಂಡಿರು ಮಕ್ಕಳೊಡನೆ ಗಾಡಿಗಳಲ್ಲಿ ವಲಸೆ ಬಂದರೆಂಬ ಐತಿಹ್ಯವು ಪ್ರಸಿದ್ಧವಾಗಿದೆ. ಐತಿಹ್ಯದ ವಿವರಗಳನ್ನು ಚರಿತ್ರೆಯೆಂದು ಒಪ್ಪಬೇಕಾದ ಅಗತ್ಯವಿಲ್ಲ. ಆದರೂ ಅದರಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಒಬ್ಬ ಪ್ರಭುವಿನ ನೆಲವನ್ನು ಬಿಟ್ಟು ಇನ್ನೊಬ್ಬನ ನೆಲವನ್ನು ಸೇರಿದವನಿಗೆ ಆ ಕಾಲದಲ್ಲಿ ಬೇಕಾಗಿದ್ದುದು ಕಾಗದವಲ್ಲ, ಆಶ್ರಯ. ಕಾಡನ್ನು ಕಡಿದು ಕೆರೆಯನ್ನು ಕಟ್ಟಿದವನು ಆ ನೆಲದವನೇ ಆಗುತ್ತಿದ್ದನು. ಅವನು ಯಾವ ರಾಜ್ಯದ ಪ್ರಜೆಯೆಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ.

ಈ ಪ್ರಶ್ನೆಯು ಎಂದಿನಿಂದ ಹುಟ್ಟಿತು, ಅದಕ್ಕೆ ಕಾಲಕಾಲಕ್ಕೆ ಯಾವ ಉತ್ತರ ದೊರೆಯಿತು, ಆ ಉತ್ತರದಿಂದ ಈ ಸೀಮೆಯ ಸಾಮಾನ್ಯ ಮನುಷ್ಯನಿಗೆ ಆದ ಲಾಭನಷ್ಟಗಳೇನು ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ. ಪರದೇಶಗಮನವೆಂದರೆ ಸಮುದ್ರೋಲ್ಲಂಘನವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಪ್ರದೇಶದಲ್ಲಿ ಕಾನೂನಿನ ಪರದೇಶವು ಎತ್ತಿನ ಗಾಡಿಗೆ ನಿಲುಕುವಷ್ಟು ಹತ್ತಿರದಲ್ಲಿದ್ದಿತು. ಆದುದರಿಂದ ಈ ವಿಷಯವನ್ನು ಕಡಲ ಕರೆಯಿಂದಲ್ಲ, ಜಯಮಂಗಲಿಯ ದಡದಿಂದ ಪ್ರಾರಂಭಿಸುವುದು ಯುಕ್ತ.

೨. ನೆರೆಯಲ್ಲಿಯೇ ಇದ್ದ ಪರದೇಶ

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನದಿಗೆ ಗಡಿಯಿಲ್ಲ. ಮನುಷ್ಯನಿಗೆ ಮಾತ್ರ ಇದ್ದಿತು. 1947ರವರೆಗೆ ಹೊಳವನಹಳ್ಳಿಯು ಮೈಸೂರು ಸಂಸ್ಥಾನದಲ್ಲಿಯೂ, ಅದರ ಈಶಾನ್ಯದಲ್ಲಿರುವ ಹಿಂದೂಪುರವು ಬ್ರಿಟಿಷ್ ಇಂಡಿಯಕ್ಕೆ ಸೇರಿದ ಮದರಾಸು ಆಧಿಪತ್ಯದಲ್ಲಿಯೂ ಇದ್ದವು. ಪಾವಗಡ ತಾಲ್ಲೂಕಿನ ಸ್ಥಿತಿಯು ಇನ್ನೂ ವಿಚಿತ್ರವಾದುದು. ಮೈಸೂರಿಗೆ ಸೇರಿದ ಈ ತಾಲ್ಲೂಕನ್ನು ಮದರಾಸಿನ ಅನಂತಪುರ ಜಿಲ್ಲೆಯು ಬಹುಮಟ್ಟಿಗೆ ಸುತ್ತುವರಿದಿದ್ದಿತು. ಇದಕ್ಕೆ ವಿಪರ್ಯಾಯವಾಗಿ, ಅನಂತಪುರ ಜಿಲ್ಲೆಯ ಮಡಕಶಿರಾ ತಾಲ್ಲೂಕು ಮೈಸೂರಿನ ಸಿರಾ ಮಧುಗಿರಿಗಳ ಮಗ್ಗುಲಿಗೆ ಚಾಚಿಕೊಂಡು, ಕನ್ನಡ ಮನೆಮಾತಿನ ಅನೇಕ ಕುಟುಂಬಗಳನ್ನು ಒಳಗೊಂಡಿದ್ದಿತು. ಒಂದೇ ಕುಲದೇವತೆ, ಒಂದೇ ಸಂತೆ, ಕೊಟ್ಟುತಂದ ಸಂಬಂಧ, ಎಲ್ಲವೂ ಗಡಿಯ ಎರಡು ಕಡೆಗೂ ಹರಡಿಕೊಂಡಿದ್ದವು.

ಆದರೆ ಕಾನೂನಿನ ದೃಷ್ಟಿಯಲ್ಲಿ ಈ ಬಂಧುಗಳು ಒಂದೇ ವರ್ಗದವರಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು 1914ರಲ್ಲಿ ಮಾಡಿದ ಬ್ರಿಟಿಷ್ ರಾಷ್ಟ್ರೀಯತೆಯ ಕಾಯಿದೆಯ ಪ್ರಕಾರ, ದೊರೆಯ ಸ್ವಂತ ಅಧೀನದಲ್ಲಿರುವ ನೆಲದಲ್ಲಿ ಅವನ ನಿಷ್ಠೆಗೆ ಒಳಪಟ್ಟು ಹುಟ್ಟಿದವನು ಬ್ರಿಟಿಷ್ ಪ್ರಜೆ. ಮಡಕಶಿರೆಯಲ್ಲಿ ಹುಟ್ಟಿದವನು ಈ ವರ್ಗಕ್ಕೆ ಸೇರಿದನು. ದೇಶೀಯ ಸಂಸ್ಥಾನಗಳ ನೆಲವು ಆ ಅಧೀನಕ್ಕೆ ಸೇರಿದುದಲ್ಲ. ಅದು ಕೇವಲ ಸಾರ್ವಭೌಮತ್ವದ ನೆರಳಿನಲ್ಲಿ ಇದ್ದುದು. ಆದುದರಿಂದ ಮಧುಗಿರಿಯಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆಯಲ್ಲ, 'ಬ್ರಿಟಿಷ್ ರಕ್ಷಿತ ವ್ಯಕ್ತಿ'. ಅದೇ ಕಾಯಿದೆಯು ಬ್ರಿಟಿಷ್ ಪ್ರಜೆಯಲ್ಲದವನನ್ನೆಲ್ಲ ಅನ್ಯದೇಶೀಯನೆಂದು ನಿರೂಪಿಸಿ, ಅನ್ಯದೇಶೀಯನ ಹೆಂಡತಿಯನ್ನೂ ಅನ್ಯದೇಶೀಯಳೆಂದೇ ಎಣಿಸಬೇಕೆಂದು ವಿಧಿಸಿತು. ಈ ಮಾತನ್ನು ಅಕ್ಷರಶಃ ಓದಿದರೆ, ಮಡಕಶಿರೆಯ ಹೆಣ್ಣುಮಗಳೊಬ್ಬಳು ಮಧುಗಿರಿಯ ಗಂಡನ ಮನೆಗೆ ಬಂದು ಹೊಸಿಲು ದಾಟಿದೊಡನೆಯೇ ತನ್ನ ತವರಿನ ರಾಷ್ಟ್ರೀಯತೆಯನ್ನು ಕಳೆದುಕೊಂಡಂತಾಯಿತು. ಅವಳಿಗೆ ಇದನ್ನು ಯಾರೂ ಹೇಳಲಿಲ್ಲ. ಊರಿನಲ್ಲಿದ್ದಷ್ಟು ಕಾಲ ಹೇಳಬೇಕಾದ ಪ್ರಸಂಗವೂ ಬರಲಿಲ್ಲ. ಕಾನೂನು ಎಷ್ಟೋ ವೇಳೆ ಹೀಗೆ ನಿದ್ರಿಸುತ್ತಿರುತ್ತದೆ. ಪ್ರಯಾಣದ ದಿನ ಮಾತ್ರ ಎಚ್ಚರಗೊಳ್ಳುತ್ತದೆ.

ಸಿವಿಲ್ ವ್ಯವಹಾರದಲ್ಲಿ ಭೇದವು ಪ್ರತ್ಯಕ್ಷವಾಗಿಯೇ ಇದ್ದಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ದೃಷ್ಟಿಯಲ್ಲಿ ಮೈಸೂರಿನ ನ್ಯಾಯಾಲಯಗಳು ವಿದೇಶೀ ನ್ಯಾಯಾಲಯಗಳು. ಮಧುಗಿರಿಯ ಮುನ್ಸೀಫ್ ಕೋರ್ಟಿನಲ್ಲಿ ಸಾಲದ ಡಿಕ್ರಿ ಪಡೆದವನು ಹಿಂದೂಪುರದಲ್ಲಿರುವ ಸಾಲಗಾರನ ಸ್ವತ್ತಿನ ಮೇಲೆ ಅದನ್ನು ಜಾರಿಮಾಡಿಸಬೇಕಾದರೆ, 44ನೆಯ ಪ್ರಕರಣದ ಮೇರೆಗೆ ಗವರ್ನರ್ ಜನರಲನ ಪ್ರಕಟನೆಯ ಆಧಾರ ಬೇಕಾಗಿದ್ದಿತು. ಅಪರಾಧಿಯು ಗಡಿಯನ್ನು ದಾಟಿದರೆ 1903ರ ಅಪರಾಧಿ ಸಮರ್ಪಣ ಕಾಯಿದೆಯ ಪ್ರಕಾರ ರೆಸಿಡೆಂಟನ ವಾರಂಟು ಹೊರಡಬೇಕಾಗಿದ್ದಿತು. ಹಳ್ಳಿಯ ಭಾಷೆಯಲ್ಲಿ ಇವನು ಪಕ್ಕದೂರಿನವನು. ಸಂಹಿತೆಯ ಭಾಷೆಯಲ್ಲಿ ಪರರಾಜ್ಯದವನು.

ಈ ಭೇದದ ಬೇರು ಎಷ್ಟು ಆಳಕ್ಕೆ ಇಳಿದಿದ್ದಿತೆಂಬುದಕ್ಕೆ ಸ್ವಾತಂತ್ರ್ಯಾನಂತರದ ನಿದರ್ಶನವೊಂದುಂಟು. ಬೆಂಗಳೂರಿನ ಒಂದು ಶ್ರೀಮಂತ ಕುಟುಂಬದ ಆಸ್ತಿಯು ಮೈಸೂರು ಮತ್ತು ಮದರಾಸು ಎರಡರಲ್ಲಿಯೂ ಇದ್ದು, ಸಂಸ್ಥಾನದ ಕಾಲದಲ್ಲಿ ಆರಂಭವಾದ ಅದರ ವ್ಯಾಜ್ಯವು 1962ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಆ ವೇಳೆಗೆ ಸಂಸ್ಥಾನವೂ ಇರಲಿಲ್ಲ, ಬ್ರಿಟಿಷ್ ಇಂಡಿಯವೂ ಇರಲಿಲ್ಲ. ಆದರೂ ಮೈಸೂರಿನ ತೀರ್ಪನ್ನು ವಿದೇಶೀ ತೀರ್ಪೆಂದೇ ಪರಿಗಣಿಸಿ, ಮದರಾಸಿನಲ್ಲಿದ್ದ ಸ್ಥಿರಾಸ್ತಿಯ ಮಟ್ಟಿಗೆ ಅದು ಕಟ್ಟುಪಾಡಾಗದೆಂದು ನಿರ್ಣಯಿಸಲಾಯಿತು. ರಾಜ್ಯಗಳು ಅಳಿದರೂ ಅವುಗಳ ಗಡಿಗಳು ದಸ್ತಾವೇಜುಗಳಲ್ಲಿ ಬಹುಕಾಲ ಬದುಕಿರುತ್ತವೆ.

೩. ರಹದಾರಿಯ ಪೂರ್ವರೂಪಗಳು

ರಹದಾರಿಯೆಂಬ ಮಾತು ಕನ್ನಡಕ್ಕೆ ಫಾರಸಿಯಿಂದ ಬಂದುದು. ಮೊದಲಿಗೆ ಅದು ದಾರಿಯ ಸುಂಕಕ್ಕೂ ಸರಕು ಸಾಗಿಸುವ ಅಪ್ಪಣೆಚೀಟಿಗೂ ಸಂಬಂಧಿಸಿದ್ದಿತು. ಸಿರಾ ಪಟ್ಟಣವು 1687ರಿಂದ ಮೊಗಲರ ಸುಬೆಯ ರಾಜಧಾನಿಯಾಗಿದ್ದುದರಿಂದ ಇಂತಹ ಆಡಳಿತ ಪದಗಳು ಈ ಸೀಮೆಯ ಬಳಕೆಯಲ್ಲಿ ಬೇರೂರಿದುದು ಸಹಜ. ಅಲ್ಲಿ ತಡೆಗೆ ಒಳಗಾಗುತ್ತಿದ್ದುದು ಎತ್ತಿನ ಮೇಲಣ ಹೇರೇ ಹೊರತು ಅದನ್ನು ಹೊಡೆದುಕೊಂಡು ಹೋಗುವ ಮನುಷ್ಯನಲ್ಲ.

ಮನುಷ್ಯನ ಹೆಸರು, ಊರು, ಹೋಗುವ ಸ್ಥಳಗಳನ್ನು ಬರೆದುಕೊಂಡ ಕಾಗದವು ಈ ಭಾಗದ ಜನಸಾಮಾನ್ಯರ ಕೈಗೆ ಬಂದುದು ಪ್ಲೇಗಿನ ಕಾಲದಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿತು. ಸೋಂಕಿನ ಪ್ರದೇಶದಿಂದ ಮದರಾಸು ಆಧಿಪತ್ಯಕ್ಕೆ ಬರುವ ಪ್ರಯಾಣಿಕರನ್ನು ರೈಲುನಿಲ್ದಾಣಗಳಲ್ಲಿ ತಪಾಸಣೆಮಾಡಿ, ಅವರಿಗೆ ಪ್ಲೇಗಿನ ಪಾಸ್‌ಪೋರ್ಟುಗಳನ್ನು ಕೊಡುತ್ತಿದ್ದರು. ಅದನ್ನು ಪಡೆದವನು ತಾನು ಸೇರಿದ ಊರಿನಲ್ಲಿ ಗೊತ್ತಾದಷ್ಟು ದಿನ ಅಧಿಕಾರಿಗಳಿಗೆ ಮುಖ ತೋರಿಸಬೇಕಾಗಿದ್ದಿತು. ದೊಡ್ಡಬಳ್ಳಾಪುರ ಗೌರಿಬಿದನೂರುಗಳ ಮೂಲಕ ಹಿಂದೂಪುರಕ್ಕೆ ಹೋಗುವ ರೈಲುದಾರಿಯು ಮೈಸೂರಿನ ಗಡಿಯನ್ನು ದಾಟುತ್ತಿದ್ದುದರಿಂದ ಈ ನಿಬಂಧನೆಯ ಬಿಸಿ ನಮ್ಮ ಸೀಮೆಯವರಿಗೂ ತಾಕದೆ ಇರಲಿಲ್ಲ. ಪಾಸ್‌ಪೋರ್ಟೆಂಬ ಮಾತನ್ನು ನಮ್ಮ ರೈತನು ಮೊದಲು ಕೇಳಿದುದು ವಿಲಾಯತಿಯ ಹಡಗನ್ನು ಹತ್ತುವಾಗ ಅಲ್ಲ. ರೋಗದ ಶಂಕೆಯಲ್ಲಿ ಸಿಕ್ಕಿ, ಕಂಕುಳನ್ನು ಮುಟ್ಟಿ ನೋಡಿಸಿಕೊಂಡ ರೈಲುಕಟ್ಟೆಯ ಮೇಲೆ.

೪. ಕಡಲಿಲ್ಲದ ಸಂಸ್ಥಾನದ ಕಡಲಯಾತ್ರಿಕ

ಸಮುದ್ರಯಾನಕ್ಕೆ ಮೊದಲ ಅಡಚಣೆ ಧರ್ಮಶಾಸ್ತ್ರದ್ದು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯ ಕರ್ಮಗಳಲ್ಲಿ ಸೇರಿಸಿದೆ. ನಿಬಂಧಕಾರರು ಅದನ್ನು ಕಲಿವರ್ಜ್ಯಗಳಲ್ಲಿ ಎಣಿಸಿದರು. ಬಹಿಷ್ಕಾರವು ಕೇವಲ ಪಂಕ್ತಿಯ ವಿಷಯವಾಗಿದ್ದರೆ ಪ್ರಾಯಶ್ಚಿತ್ತದಿಂದ ಪರಿಹಾರವಾಗುತ್ತಿದ್ದಿತು. ಆಸ್ತಿಯ ಹಕ್ಕಿಗೆ ಧಕ್ಕೆಯಾದರೆ ಏನು ಗತಿ ಎಂಬುದೇ ಭಯ. ಜಾತಿಭ್ರಷ್ಟತೆಯಿಂದ ಆಸ್ತಿಯ ಹಕ್ಕು ನಷ್ಟವಾಗದೆಂದು 1850ರ 21ನೆಯ ಕಾಯಿದೆಯು ಸಾರಿತಾದರೂ, ಬ್ರಿಟಿಷ್ ಇಂಡಿಯದ ಕಾಯಿದೆಯು ಸಂಸ್ಥಾನಕ್ಕೆ ತಾನಾಗಿ ಅನ್ವಯಿಸುತ್ತಿರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ಎರಡನೆಯದು ರಾಜಕೀಯವಾದ ಅಡಚಣೆ. 1799ರ ಒಪ್ಪಂದದ ಪ್ರಕಾರ ಮೈಸೂರಿನ ಮಹಾರಾಜರು ಕಂಪನಿಯ ಅನುಮತಿಯಿಲ್ಲದೆ ಪರರಾಜ್ಯಗಳೊಡನೆ ವ್ಯವಹರಿಸುವಂತಿರಲಿಲ್ಲ. 1881ರ ಮಾರ್ಚ್ 25ರಂದು ರಾಜ್ಯವನ್ನು ಹಿಂದಿರುಗಿಸಿದಾಗಲೂ, 1913ರ ನವೆಂಬರ್ 26ರ ಹೊಸ ಒಪ್ಪಂದದಲ್ಲಿಯೂ ಈ ಕಟ್ಟು ಹಾಗೆಯೇ ಉಳಿಯಿತು. ಲಂಡನ್ನಿನಲ್ಲಿ ಮೈಸೂರಿನ ವ್ಯಾಪಾರ ಕಮಿಷನರು ಇದ್ದುದುಂಟು. ಆದರೆ ಅವರು ಗಂಧದೆಣ್ಣೆ ಸಾಬೂನುಗಳ ಪರವಾಗಿ ಮಾತನಾಡಬಹುದಾಗಿದ್ದಿತೇ ಹೊರತು, ಸಂಕಟಕ್ಕೆ ಸಿಕ್ಕಿದ ಮೈಸೂರಿನವನ ಪರವಾಗಿ ರಾಯಭಾರಿಯಂತೆ ಮಾತನಾಡುವಂತಿರಲಿಲ್ಲ. ಮೇಲಾಗಿ ಸಂಸ್ಥಾನಕ್ಕೆ ಕಡಲ ಕರೆಯೇ ಇರಲಿಲ್ಲ. ಭಟ್ಕಳವನ್ನು ಮೈಸೂರಿನ ರೇವನ್ನಾಗಿ ಮಾಡಿಕೊಳ್ಳಬೇಕೆಂಬ ಆಲೋಚನೆಯು ಸಫಲವಾಗಲಿಲ್ಲ. ಹಡಗನ್ನು ಹತ್ತಬೇಕಾದರೆ ಮದರಾಸಿಗೋ ಮುಂಬಯಿಗೋ ಹೋಗಬೇಕು. ಅಂದಮೇಲೆ ಮಹಾರಾಜರ ಅಧಿಕಾರವು ಎಲ್ಲಿ ಮುಗಿಯುತ್ತಿದ್ದಿತೋ ಅಲ್ಲಿಂದ ಎಷ್ಟೋ ದೂರದ ಮೇಲೆ ಅವರ ಪ್ರಜೆಯ ಸಮುದ್ರಯಾನವು ಪ್ರಾರಂಭವಾಗುತ್ತಿದ್ದಿತು.

ಹಾಗಾದರೆ ಹೊರದೇಶದಲ್ಲಿ ಇವನಿಗೆ ದಿಕ್ಕು ಯಾರು? ಇದಕ್ಕೆ 1890ರ ವಿದೇಶೀ ಅಧಿಕಾರವ್ಯಾಪ್ತಿಯ ಕಾಯಿದೆಯ 15ನೆಯ ಪ್ರಕರಣವು ಉತ್ತರ ಕೊಡುತ್ತದೆ. ಆ ಕಾಯಿದೆಯ ಮೇರೆಗೆ ಹೊರಡುವ ಆಜ್ಞೆಯಲ್ಲಿ ರಾಣಿಯ ರಕ್ಷಣೆಗೆ ಪಾತ್ರರಾದವರ ಉಲ್ಲೇಖವಿದ್ದರೆ, ಇಂಡಿಯದ ಸಂಸ್ಥಾನಗಳ ಪ್ರಜೆಗಳೆಲ್ಲರೂ ಅದರಲ್ಲಿ ಸೇರಿದವರೆಂದು ತಿಳಿಯಬೇಕು ಎಂಬುದು ಅದರ ತಾತ್ಪರ್ಯ. ಆದುದರಿಂದ ಮೈಸೂರಿನವನು ಅನಾಥನಾಗಿರಲಿಲ್ಲ. ಆದರೆ ರಕ್ಷಣೆಯ ಸ್ವರೂಪವನ್ನು ವಿಮರ್ಶಿಸಬೇಕು. ಪ್ರಜೆಯು ರಕ್ಷಣೆಯನ್ನು ಕೇಳುತ್ತಾನೆ; ರಕ್ಷಿತನು ಅದನ್ನು ಪಡೆಯುತ್ತಾನೆ. ಕೇಳುವುದರ ಹಿಂದೆ ಹಕ್ಕಿದೆ, ಪಡೆಯುವುದರ ಹಿಂದೆ ಕೃಪೆಯಿದೆ. ಬ್ರಿಟಿಷ್ ಪ್ರಜೆಯಾದ ಭಾರತೀಯನಿಗೂ ದಕ್ಷಿಣ ಆಫ್ರಿಕ ಮೊದಲಾದ ಕಡೆಗಳಲ್ಲಿ ಆ ಹಕ್ಕು ಎಷ್ಟು ದುರ್ಬಲವಾಗಿ ಪರಿಣಮಿಸಿತೆಂಬುದನ್ನು ಗಾಂಧೀಜಿಯವರ ಹೋರಾಟವೇ ತೋರಿಸುತ್ತದೆ. ಸಂಸ್ಥಾನದವನಿಗೆ ಹೇಳಿಕೊಳ್ಳಲು ಆ ದುರ್ಬಲ ಹಕ್ಕಾದರೂ ಇರಲಿಲ್ಲ.

ಮೊದಲನೆಯ ಮಹಾಯುದ್ಧದವರೆಗೆ ಸಾಮಾನ್ಯ ಪ್ರಯಾಣಕ್ಕೆ ರಹದಾರಿಯು ಕಡ್ಡಾಯವಾಗಿರಲಿಲ್ಲ. 1914ರಲ್ಲಿ ಮೈಸೂರಿನ ಲ್ಯಾನ್ಸರ್ಸ್ ದಳವು ಈಜಿಪ್ಟಿಗೆ ಹೊರಟು, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಕಾಳಗದಲ್ಲಿ ಕೀರ್ತಿ ಪಡೆಯಿತು. ಆ ಸವಾರರು ಪರದೇಶಕ್ಕೆ ಹೋದುದು ಚಕ್ರಾಧಿಪತ್ಯದ ಆಜ್ಞೆಯ ಬಲದಿಂದ. ಅದೇ ಯುದ್ಧಕಾಲದಲ್ಲಿ, 1917ರಲ್ಲಿ, ಇಂಡಿಯ ರಕ್ಷಣಾ ನಿಯಮಗಳ ಮೂಲಕ ರಹದಾರಿಯು ಕಡ್ಡಾಯವಾಯಿತು. ಯುದ್ಧವು ಮುಗಿದರೂ ಕಾಗದವು ಹೋಗಲಿಲ್ಲ. 1920ರ ಕಾಯಿದೆಯು ಇಂಡಿಯವನ್ನು ಪ್ರವೇಶಿಸುವವರಿಗೆ ಅದನ್ನು ಸ್ಥಿರಪಡಿಸಿತು. ಮೈಸೂರಿನವನಿಗೆ ರಹದಾರಿಯು ದೊರೆಯುತ್ತಿದ್ದುದು ದಿವಾನರಿಂದಲ್ಲ, ರೆಸಿಡೆನ್ಸಿಯ ಮೂಲಕ. ಅದರಲ್ಲಿ ಅವನ ರಾಷ್ಟ್ರೀಯ ಸ್ಥಿತಿಯನ್ನು ಬ್ರಿಟಿಷ್ ರಕ್ಷಿತ ವ್ಯಕ್ತಿಯೆಂದು ಬರೆಯುತ್ತಿದ್ದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆಯಲು ಅವನು ಮೈಸೂರಿನ ಪ್ರಜೆಯಾಗಿರಬೇಕು. ಅದೇ ಹಣದಿಂದ ಇಂಗ್ಲೆಂಡಿಗೆ ಹೋಗಲು ಬ್ರಿಟಿಷರ ರಕ್ಷಿತನಾಗಬೇಕು. ಈ ಎರಡು ಹೆಸರುಗಳ ನಡುವೆ ಅವನಿಗೆ ತನ್ನದೆಂಬ ಪೌರತ್ವವಿರಲಿಲ್ಲ.

ಕೂಲಿಗೆ ಹೋಗುವವನ ಸಂಗತಿಯು ಬೇರೆ. ಮದರಾಸಿನ ರೇವಿನಿಂದ ಹೊರಟ 'ಟ್ರೂರೋ' ಹಡಗು 1860ರ ನವೆಂಬರಿನಲ್ಲಿ ಕರಾರಿನ ಕೂಲಿಗಾರರನ್ನು ಮೊದಲ ಬಾರಿಗೆ ನೇಟಾಲಿಗೆ ಮುಟ್ಟಿಸಿತು. 1917ರಲ್ಲಿ ಆ ಪದ್ಧತಿಗೆ ತಡೆಬಿದ್ದು, 1922ರ ವಲಸೆಯ ಕಾಯಿದೆಯು ಕುಶಲಕರ್ಮವಿಲ್ಲದ ಕೂಲಿಯ ವಲಸೆಯನ್ನು ಸರ್ಕಾರವು ಗೊತ್ತುಪಡಿಸಿದ ದೇಶಗಳಿಗೂ ಷರತ್ತುಗಳಿಗೂ ಸೀಮಿತಗೊಳಿಸಿತು. ವಿದ್ಯಾವಂತನಿಗೆ ರಹದಾರಿ, ಕೂಲಿಗೆ ವಲಸೆಯ ಅಪ್ಪಣೆ ಎಂಬ ಭೇದವು ಇಲ್ಲಿ ಗಟ್ಟಿಯಾಯಿತು. ಅದರ ಪರಿಣಾಮವನ್ನು ಮುಂದೆ ನೋಡುವೆವು.

೫. ಬಿಟ್ಟುಹೋದ ಮನೆ

ಹೋಗುವವನ ಕಾನೂನನ್ನು ಮಾತ್ರ ವಿಚಾರಿಸಿ ನಿಲ್ಲಿಸುವುದು ಸರಿಯಲ್ಲ. ಹಿಂದೆ ಉಳಿದ ಹೊಲಮನೆಗಳ ಕಾನೂನೂ ಅಷ್ಟೇ ಮುಖ್ಯವಾದುದು. ಮಿತಾಕ್ಷರ ಸಂಪ್ರದಾಯದಲ್ಲಿ ಮಗನ ಹಕ್ಕು ಹುಟ್ಟಿನಿಂದ ಬರುತ್ತದೆ, ದೂರದಲ್ಲಿ ಇರುವುದರಿಂದ ಹೋಗುವುದಿಲ್ಲ. ಆದರೆ ಹಕ್ಕಿರುವುದು ಒಂದು, ಅದನ್ನು ಉಳಿಸಿಕೊಳ್ಳುವುದು ಇನ್ನೊಂದು. ಏಳು ವರ್ಷ ಸುದ್ದಿಯೇ ಇಲ್ಲದವನು ಬದುಕಿದ್ದಾನೆಂದು ಹೇಳುವವನೇ ಅದನ್ನು ರುಜುವಾತುಮಾಡಬೇಕೆಂದು 1872ರ ಸಾಕ್ಷ್ಯದ ಕಾಯಿದೆಯ 108ನೆಯ ಪ್ರಕರಣವು ವಿಧಿಸಿತು. ಹನ್ನೆರಡು ವರ್ಷದ ಪ್ರತಿಕೂಲ ಸ್ವಾಧೀನವು ನಿಜವಾದ ಒಡೆಯನ ದಾವೆಯನ್ನೂ ಮುಚ್ಚುತ್ತಿದ್ದಿತು. ಆದುದರಿಂದ ದೂರ ಹೋಗುವವನಿಗೆ ಎರಡು ಕಾಗದಗಳು ಅತ್ಯಗತ್ಯವಾದವು: ನಂಬಿಕೆಯ ಒಬ್ಬನ ಹೆಸರಿಗೆ ಬರೆದುಕೊಟ್ಟ ಮುಖ್ತಾರ್‌ನಾಮೆ, ಮತ್ತು ವರ್ಷಕ್ಕೊಮ್ಮೆಯಾದರೂ ಊರಿಗೆ ಬರುವ ಪತ್ರ. ಎರಡನೆಯದು ಕೇವಲ ವಾತ್ಸಲ್ಯದ ಕುರುಹಲ್ಲ, ಜೀವಂತನೆಂಬುದಕ್ಕೆ ದಾಖಲೆ. ಟಪಾಲು ನಿಂತುಹೋದ ಮನೆಯಲ್ಲಿ ಕಂದಾಯದ ರಸೀದಿ ಯಾರ ಹೆಸರಿನಲ್ಲಿದೆಯೋ ಅವನೇ ಕ್ರಮೇಣ ಒಡೆಯನಾಗುತ್ತಾನೆ. ಈ ನಿಯಮಗಳ ಸಾರವು ಇಂದಿಗೂ ಬದಲಾಗಿಲ್ಲ.

೬. ರಕ್ಷಿತನು ಪೌರನಾದುದು

1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದಾಗ ಮಡಕಶಿರೆಯವನೂ ಮಧುಗಿರಿಯವನೂ ಒಂದೇ ಪಂಕ್ತಿಯಲ್ಲಿ ಕುಳಿತರು. 5ನೆಯ ಅನುಚ್ಛೇದಕ್ಕೆ ಭಾರತದ ನೆಲದಲ್ಲಿ ನೆಲೆಸಿರುವುದೂ ಅಲ್ಲಿ ಹುಟ್ಟಿರುವುದೂ ಸಾಕಾದವು. ಯಾವ ದೊರೆಯ ನೆಲವೆಂಬ ಪ್ರಶ್ನೆಯು ಅಳಿಯಿತು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಮಹತ್ತ್ವವುಳ್ಳದ್ದು 8ನೆಯ ಅನುಚ್ಛೇದ. ಆಗ ಹೊರದೇಶದಲ್ಲಿ ವಾಸವಾಗಿದ್ದವನು, ತಾನಾಗಲಿ ತನ್ನ ತಂದೆತಾಯಿಗಳಲ್ಲಿ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ 1935ರ ಕಾಯಿದೆಯಲ್ಲಿ ನಿರೂಪಿತವಾದ ಇಂಡಿಯದಲ್ಲಿ ಹುಟ್ಟಿದ್ದರೆ, ಭಾರತದ ರಾಯಭಾರ ಪ್ರತಿನಿಧಿಯ ಬಳಿ ನೋಂದಾಯಿಸಿಕೊಂಡು ಪೌರನಾಗಬಹುದಾಗಿದ್ದಿತು. ಆ ನಿರೂಪಣೆಯಲ್ಲಿ ಬ್ರಿಟಿಷ್ ಇಂಡಿಯದೊಡನೆ ಸಂಸ್ಥಾನಗಳೂ ಸೇರಿದ್ದವು. ಈ ಒಂದು ಮಾತಿಲ್ಲದಿದ್ದರೆ ಬರ್ಮಾ, ಸಿಂಹಳ, ಮಲಯಗಳಲ್ಲಿದ್ದ ಸಂಸ್ಥಾನಮೂಲದವರ ಪಾಡೇನಾಗುತ್ತಿದ್ದಿತೆಂಬುದನ್ನು ಊಹಿಸಬಹುದು. ರಕ್ಷಿಸುತ್ತಿದ್ದ ಸಾಮ್ರಾಜ್ಯವು ಹೊರಟುಹೋಗಿದ್ದಿತು. ಹುಟ್ಟಿದ ಸಂಸ್ಥಾನವು ಉಳಿದಿರಲಿಲ್ಲ.

ಪೌರತ್ವವು ದೊರೆತರೂ ರಹದಾರಿಯು ಹಕ್ಕಾಗಲಿಲ್ಲ. ಅದನ್ನು ಕೊಡುವುದು ಬಿಡುವುದು ಸರ್ಕಾರದ ಇಚ್ಛೆಗೆ ಸೇರಿದುದೆಂಬುದೇ ಬಹುಕಾಲದ ವಾದ. ಈ ವಾದವನ್ನು ಒಪ್ಪದೆ, ಪರದೇಶಗಮನವು ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಹೇಳಿರುವ ವ್ಯಕ್ತಿಸ್ವಾತಂತ್ರ್ಯದಲ್ಲಿ ಅಂತರ್ಗತವಾಗಿದೆಯೆಂದು ಹೇಳಿದ ನ್ಯಾಯಾಲಯಗಳಲ್ಲಿ ನಮ್ಮ ಮೈಸೂರು ಉಚ್ಚ ನ್ಯಾಯಾಲಯವು ಮೊದಲ ಸಾಲಿನದು. 1965ರಲ್ಲಿ ವರದಿಯಾದ ಡಾ. ಸದಾಶಿವರಾವ್ ಪ್ರಕರಣದಲ್ಲಿ ಅದು ಈ ಅಭಿಪ್ರಾಯವನ್ನು ತಾಳಿತು. 1967ರ ಏಪ್ರಿಲ್ 10ರಂದು ಸತವಂತಸಿಂಗ್ ಸಾಹನಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಇದನ್ನೇ ಎತ್ತಿಹಿಡಿಯಿತು. ಆಗ ಸರ್ಕಾರವು ಮೇ ತಿಂಗಳಿನಲ್ಲಿ ಸುಗ್ರೀವಾಜ್ಞೆಯನ್ನೂ, ಜೂನ್ 24ರಂದು ಪಾಸ್‌ಪೋರ್ಟ್ ಕಾಯಿದೆಯನ್ನೂ ತಂದು, ನಿರಾಕರಣೆಯ ಕಾರಣಗಳನ್ನು ಗೊತ್ತುಪಡಿಸಿತು, ಅಪೀಲಿಗೂ ಅವಕಾಶವನ್ನಿತ್ತಿತು. 1799ರಲ್ಲಿ ಸ್ವಂತ ದೊರೆಗೇ ಹೊರಗಿನವರೊಡನೆ ಮಾತನಾಡುವ ಸ್ವಾತಂತ್ರ್ಯವನ್ನು ಕಳೆದುಕೊಂಡಿದ್ದ ನಾಡಿನ ನ್ಯಾಯಾಲಯವೇ, ಸಾಮಾನ್ಯ ಪೌರನ ಈ ಸ್ವಾತಂತ್ರ್ಯವನ್ನು ಎತ್ತಿಹಿಡಿಯುವುದರಲ್ಲಿ ಮುಂದಾದುದು ಚರಿತ್ರೆಯ ವಿದ್ಯಾರ್ಥಿಗೆ ಸಮಾಧಾನ ತರುವ ಸಂಗತಿ.

ಆದರೂ 1922ರ ಕಾಯಿದೆಯ ಭೇದವು ಪೂರ್ಣವಾಗಿ ಅಳಿದಿಲ್ಲ. 1983ರ ವಲಸೆಯ ಕಾಯಿದೆಯ ಪದ್ಧತಿಯಲ್ಲಿ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದ ಕಾರ್ಮಿಕನು ಗೊತ್ತುಪಡಿಸಿದ ಕೆಲವು ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆಯ ಅಧಿಕಾರಿಯ ಅನುಮತಿಯನ್ನು ಪಡೆಯಬೇಕು. ಮಧ್ಯವರ್ತಿಗಳ ಮೋಸದಿಂದ ಅವನನ್ನು ಕಾಪಾಡುವುದು ಇದರ ಉದ್ದೇಶ, ಉದ್ದೇಶವು ಒಳ್ಳೆಯದೇ. ಆದರೆ ಎಂಜಿನಿಯರನು ಪೌರನಾಗಿ ವಿಮಾನವನ್ನೇರುವಾಗ ಗಾರೆ ಕೆಲಸದವನು ಮಾತ್ರ ರಕ್ಷಿತನಾಗಿಯೇ ಏರುತ್ತಾನೆಂಬುದನ್ನು ಮರೆಯಲಾಗದು. 1967ರ ಕಾಯಿದೆಯು ಒಬ್ಬನಿಗೆ ಹಕ್ಕಿನ ಪತ್ರವಾದರೆ, ಇನ್ನೊಬ್ಬನಿಗೆ ಅದರ ಮೇಲೆ ಮತ್ತೊಂದು ಮುದ್ರೆ ಬೇಕಾಗುತ್ತದೆ.

೭. ಉಪಸಂಹಾರ

ಮೇಲಣ ವಿವೇಚನೆಯಿಂದ ಮೂರು ಸಂಗತಿಗಳು ವ್ಯಕ್ತವಾಗುತ್ತವೆ. ಮೊದಲನೆಯದು, ಪರದೇಶವೆಂಬುದು ದೂರದಿಂದಲ್ಲ, ಅಧಿಕಾರದ ಎಲ್ಲೆಯಿಂದ ಆಗತಕ್ಕದ್ದು. ಹಿಂದೂಪುರವು ಒಂದು ಕಾಲಕ್ಕೆ ಪರದೇಶವೇ ಆಗಿದ್ದಿತು. ಎರಡನೆಯದು, ಸಂಸ್ಥಾನದ ಪ್ರಜೆಯು ಊರಿನಲ್ಲಿರುವಷ್ಟು ಕಾಲ ತನ್ನ ಸ್ಥಿತಿಯ ಕೊರತೆಯನ್ನು ಅರಿಯಲಿಲ್ಲ. ಗಡಿಯನ್ನು ದಾಟಿದಾಗಲೇ ತನ್ನ ಪರವಾಗಿ ಮಾತನಾಡಲು ತನ್ನವರೆಂಬವರು ಇಲ್ಲವೆಂಬುದು ಅವನಿಗೆ ತಿಳಿಯುತ್ತಿದ್ದಿತು. ಮೂರನೆಯದು, ಹಕ್ಕಿಗೂ ಕೃಪೆಗೂ ಇರುವ ಅಂತರವು ರಹದಾರಿಯ ಒಂದು ಸಾಲಿನಲ್ಲಿ ಅಡಗಿರಬಲ್ಲದು.

ಇಂದು ರಹದಾರಿಯ ಅರ್ಜಿಗಾಗಿ ರೆಸಿಡೆನ್ಸಿಯನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ. ಅಂಚೆ ಕಚೇರಿಗಳಲ್ಲಿಯೇ ಈ ಸೇವೆಯನ್ನು ಒದಗಿಸುವ ಯೋಜನೆಯು 2017ರ ಜನವರಿ 25ರಂದು ಮೈಸೂರಿನಲ್ಲಿ ಆರಂಭವಾಯಿತು. 1920ರ ಕಾಯಿದೆಯು 2025ರಲ್ಲಿ ರದ್ದಾಯಿತು. ಪಾವಗಡದ ಸುತ್ತಣ ಗಡಿಯು ಈಗ ಕೇವಲ ರಾಜ್ಯದ ಎಲ್ಲೆ; ಅದನ್ನು ದಾಟುವ ಸೊ­ಸೆಯು ಏನನ್ನೂ ಕಳೆದುಕೊಳ್ಳುವುದಿಲ್ಲ. ಆದರೆ ಈ ಸೀಮೆಯ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ರಹದಾರಿ, ಮುಖ್ತಾರ್‌ನಾಮೆ, ಹಡಗಿನ ಚೀಟಿ, ಹೊರದೇಶದ ಮೊಹರಿನ ಲಕೋಟೆ ಮೊದಲಾದವು ಇನ್ನೂ ಉಳಿದಿರಬಹುದು. ಶಾಸನಗಳನ್ನು ಪ್ರತಿಮಾಡಿಕೊಂಡಷ್ಟೇ ಶ್ರದ್ಧೆಯಿಂದ ಇವನ್ನೂ ಪ್ರತಿಮಾಡಿಕೊಳ್ಳುವುದು ನಮ್ಮ ಕರ್ತವ್ಯ. ಕಲ್ಲಿನ ಮೇಲೆ ದೊರೆಗಳ ಹೆಸರಿದೆ. ಅವರ ನೆಲವನ್ನು ಬಿಟ್ಟುಹೋದ ಪ್ರಜೆಗಳ ಹೆಸರು ಇರುವುದು ಈ ಕಾಗದಗಳಲ್ಲಿ ಮಾತ್ರ. ಕಾಗದವಾದರೋ ಕಲ್ಲಿನಷ್ಟು ಕಾಲ ಕಾಯುವುದಿಲ್ಲ.